ಎರಡೂ ತುದಿ ಒಂದೇ ಡಬ್ಬಕ್ಕೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ನನಗೆ ಅದರಲ್ಲಿ ಕಷ್ಟವೇನಿಲ್ಲ. ಈ ಬರಹದಲ್ಲಿ ಕೆಟ್ಟದ್ದು ಬರೆಸಿಕೊಳ್ಳಬೇಕಾದವನು ಇನ್ನೂ ಬದುಕಿದ್ದಾನೆ. ಬೆಳಿಗ್ಗೆ ಎರಡು ಇಡ್ಲಿ ತಿಂದು, ಬಿ.ಪಿ. ಮಾತ್ರೆ ನುಂಗಿ, ಕನ್ನಡಕ ಒರೆಸಿಕೊಂಡು ಬರೆಯಲು ಕೂತಿದ್ದಾನೆ.

ಸತ್ತವರು ಬನ್ನೂರು ಕಡೆಯವರು. ಹೆಸರು ಬರೆಯುವುದಿಲ್ಲ. ಅವರ ಮನೆಯವರು ಬೇಡ ಅಂದಿದ್ದಾರೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಶು ಆಹಾರ ಮಾಡುವ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ನಾವಿಬ್ಬರೂ ಆರು ವರ್ಷ ಜೊತೆಗಿದ್ದೆವು. ಅವರು ಬಿ.ಎಸ್ಸಿ., ಟೆಕ್ನಿಷಿಯನ್. ನಾನು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ, ಲ್ಯಾಬ್ ಇನ್‌ಚಾರ್ಜ್. ಇದು ಹೇಗೆ ಸಾಧ್ಯವಾಯಿತು ಎಂದು ಯಾರೂ ಕೇಳಬಾರದು. ಕಾರ್ಖಾನೆಯ ಗೇಟು ತೆರೆದ ದಿನ ಮೊದಲು ಒಳಗೆ ಬಂದವನು ನಾನು, ಆಮೇಲೆ ನನ್ನನ್ನು ಹೊರಗೆ ಕಳಿಸುವುದು ಯಾರಿಗೂ ನೆನಪಾಗಲಿಲ್ಲ. ಇದಕ್ಕೆ ಸೀನಿಯಾರಿಟಿ ಎಂದು ಹೆಸರು.

ನಮ್ಮ ಲ್ಯಾಬಿನ ಕೆಲಸ ಇಷ್ಟೇ. ಲಾರಿಯಲ್ಲಿ ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ತೌಡು ಬರುತ್ತವೆ. ಪ್ರತಿ ಲಾರಿಯಿಂದ ಒಂದೊಂದು ಹಿಡಿ ತಂದು ಟೆಸ್ಟಿಂಗ್ ಮಿಷನ್ನಿನ ಬಟ್ಟಲಿಗೆ ಹಾಕಿದರೆ ಅದು ಒಳಗೇ ಬೆಳಕು ಬಿಟ್ಟು ನೋಡಿ, ಇದರಲ್ಲಿ ಪ್ರೋಟೀನು ಎಷ್ಟು, ನೀರಿನಂಶ ಎಷ್ಟು ಎಂದು ಕಂಡುಹಿಡಿಯುತ್ತದೆ. ಆದರೆ ಹೇಳುವುದಿಲ್ಲ. ಹೇಳಬೇಕಾದ್ದು ಪಕ್ಕದ ಕಂಪ್ಯೂಟರು. ಅವೆರಡರ ನಡುವೆ ವೈರು, ಆ ವೈರಿಗೆ ಗೋಡೆಯ ಮೇಲೆ ಎಂಟು ತೂತಿನ ಒಂದು ಕಪ್ಪು ಡಬ್ಬ. ಗೇಟಿನ ಹತ್ತಿರ ಲಾರಿ ತೂಗುವ ವೇಬ್ರಿಜ್ಜಿಗೂ ಆಫೀಸಿಗೂ ಹೋಗುವ ವೈರುಗಳು ಹೊರಡುವುದು ಅದೇ ಡಬ್ಬದಿಂದ. ಡಬ್ಬ ಮುನಿಸಿಕೊಂಡರೆ ಲಾರಿಗಳು ಗೇಟಿನಿಂದ ಮೇನ್ ರೋಡಿನವರೆಗೂ ನಿಲ್ಲುತ್ತಿದ್ದವು.

ಮಿಷನ್ನಿಗೂ ಕಂಪ್ಯೂಟರಿಗೂ ಮಾತು ನಿಂತಾಗ ನನ್ನದೊಂದು ವಿಧಾನವಿತ್ತು. ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುವುದು. ಅದಕ್ಕೂ ಬಗ್ಗದಿದ್ದರೆ ಮಿಷನ್ನಿನ ಬೆನ್ನಿಗೆ ಎರಡು ತಟ್ಟುವುದು. ಅದಕ್ಕೂ ಆಗದಿದ್ದರೆ ಬೆಂಗಳೂರಿನ ಇಂಜಿನಿಯರಿಗೆ ಫೋನು ಮಾಡಿ, ಅವರು ನಾಳಿದ್ದು ಬರುತ್ತೇನೆ ಅಂದ ಮೇಲೆ ಟೀ ಕುಡಿಯಲು ಹೋಗುವುದು. ಹದಿನೈದು ವರ್ಷ ಈ ವಿದ್ಯೆಯಲ್ಲೇ ಇನ್‌ಚಾರ್ಜ್ ಆಗಿದ್ದೆ.

ಅವರದು ಬೇರೆ ರೀತಿ. ಜೇಬಿನಲ್ಲಿ ಒಂದು ಸಣ್ಣ ಟಾರ್ಚು, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ಒಂದು ಸುರುಳಿ, ಒಂದು ಉದ್ದನೆಯ ನೋಟ್‌ಬುಕ್. ಬಂದ ಮೊದಲ ವಾರದಲ್ಲೇ ಎಲ್ಲ ವೈರುಗಳ ಎರಡೂ ತುದಿಗೆ ಪ್ಲಾಸ್ಟರು ಸುತ್ತಿ ನಂಬರು ಬರೆದಿದ್ದರು. ವೈರಿಗೆ ಗಾಯವಾಗಿದೆಯೇನಪ್ಪ ಎಂದು ನಾನು ತಮಾಷೆ ಮಾಡಿದ್ದೆ. ಏನೇ ಕೆಟ್ಟರೂ ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತಿದ್ದರು. ಮುಟ್ಟಿ, ಕಾದು, ಏನಾಯಿತು ಎಂದು ಬರೆದು, ಆಮೇಲೆ ಮುಂದಿನದು. ಅಷ್ಟು ನಿಧಾನ ನೋಡಿ ನನ್ನ ಕೈ ತುರಿಸುತ್ತಿತ್ತು. "ಒಂದೊಂದಾಗಿ ನೋಡಣ ಸಾ, ಎಲ್ಲಾ ಒಟ್ಗೆ ಅಳ್ಳಾಡ್ಸುದ್ರೆ ಯಾವ್ದ್ರಿಂದ ಸರಿಯೋಯ್ತು ಅಂತ ಗೊತ್ತಾಗಲ್ಲ" ಎನ್ನುತ್ತಿದ್ದರು. ಸರಿಹೋದರೆ ಸಾಲದೆ, ಯಾವುದರಿಂದ ಎಂದು ಯಾಕೆ ಗೊತ್ತಾಗಬೇಕು ಎನ್ನುವುದು ಆಗ ನನ್ನ ತಿಳಿವಳಿಕೆ. ಗೊತ್ತಾಗುವುದರಿಂದ ಎಂಥ ತೊಂದರೆಯಾಗುತ್ತದೆ ಎನ್ನುವುದು ಆಮೇಲೆ ತಿಳಿಯಿತು.

ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಏನೋ ಒಂದು ಸಾಲು ಹೊಡೆಯುತ್ತಿದ್ದರು. ಅದೇನು ಎಂದು ಕೇಳಿದ್ದಕ್ಕೆ ನನಗೆ ಅರ್ಥವಾಗುವ ಹಾಗೆ ಹೇಳಿದರು. ಗದ್ದೆ ಬಯಲಲ್ಲಿ ಆ ಬದುವಿನವನನ್ನು ಈ ಬದುವಿನಿಂದ ಕೂಗುವುದಿಲ್ಲವೇ, ಇದೂ ಹಾಗೆ. ಇಲ್ಲಿಂದ ನಾಲ್ಕು ಸಲ ಕೂಗುತ್ತೇವೆ. ಮಿಷನ್ನು ನಾಲ್ಕು ಸಲ ಓ ಅಂದರೆ ದಾರಿ ಸರಿಯಾಗಿದೆ. ಎರಡು ಸಲ ಅಂದರೆ ದಾರಿಯಲ್ಲಿ ಎಲ್ಲೋ ತೊಡಕು. ಒಂದೂ ಅನ್ನದಿದ್ದರೆ ಅವನು ಅಲ್ಲಿಲ್ಲ, ಇಲ್ಲ ನಾವೇ ಬೇರೆ ಕಡೆಗೆ ಮುಖ ಮಾಡಿ ಕೂಗುತ್ತಿದ್ದೇವೆ. ಇಷ್ಟನ್ನು ನಗದೆ, ಬೇಸರಪಡದೆ ಹೇಳಿಕೊಟ್ಟರು. ನಾನು ಅದನ್ನು ಮರುದಿನ ವೇಬ್ರಿಜ್ಜಿನ ಗುಮಾಸ್ತನಿಗೆ ನನ್ನದೇ ವಿದ್ಯೆ ಎನ್ನುವಂತೆ ಹೇಳಿದೆ.

ಅವರ ಬುದ್ಧಿವಂತಿಕೆಗೆ ಒಂದು ದೋಷವಿತ್ತು. ಕಂಡದ್ದನ್ನು ಹೇಳಿಬಿಡುತ್ತಿದ್ದರು. ಒಂದು ಸಲ ಮಿಷನ್ನಿನ ಸಂಪರ್ಕ ದಿನಕ್ಕೆ ಎರಡು ಮೂರು ಸಲ ತಪ್ಪತೊಡಗಿತು. ಬೆಂಗಳೂರಿನ ಇಂಜಿನಿಯರು ಬಂದು ನೋಡಿದರೆ ಸರಿಯಾಗಿರುತ್ತಿತ್ತು, ಹೋದ ಮೇಲೆ ಮತ್ತೆ ಕೆಡುತ್ತಿತ್ತು. ಇವರು ವಾರವಿಡೀ ಯಾವ ಹೊತ್ತಿಗೆ ನಿಂತಿತು ಎಂದು ಬರೆದಿಟ್ಟು ಶನಿವಾರ ಮ್ಯಾನೇಜರ ಎದುರು ನಿಂತು ವಿನಯವಾಗಿ, "ಸಾ, ನೀವ್ ಬಂದಾಗ್ಲೇ ನಿಲ್ತದೆ" ಅಂದರು. ಮ್ಯಾನೇಜರ ಮುಖ ನೋಡುವ ಹಾಗಿತ್ತು. ನಿಜ ಏನೆಂದರೆ ನಾವೆಲ್ಲ ಬಾಗಿಲನ್ನು ಅರ್ಧ ತೆರೆದು ಪಕ್ಕಕ್ಕೆ ತಿರುಗಿ ಒಳಗೆ ಬರುತ್ತಿದ್ದೆವು. ಮ್ಯಾನೇಜರು ಮ್ಯಾನೇಜರಾದ್ದರಿಂದ ಪೂರ್ತಿ ತೆರೆದು ಬರುತ್ತಿದ್ದರು. ಬಾಗಿಲಿನ ಮೂಲೆ ವೈರಿಗೆ ತಗುಲಿ ಅದರ ಕೊಂಡಿ ಸಡಿಲವಾಗುತ್ತಿತ್ತು. ವೈರನ್ನು ಒಂದು ಗೇಣು ಮೇಲಕ್ಕೆ ಸರಿಸಿದರು, ಮುಗಿಯಿತು. ಮ್ಯಾನೇಜರು ಭೇಷ್ ಅಂದರು. ಆದರೆ ಆ ವಾಕ್ಯವನ್ನು ಅವರು ಮರೆಯಲಿಲ್ಲ. ಮ್ಯಾನೇಜರುಗಳಿಗೆ ಇಂಥ ವಿಷಯದಲ್ಲಿ ನೆನಪು ಚೆನ್ನಾಗಿರುತ್ತದೆ.

ಅವರ ಮನೆಯವರು ಬೌದ್ಧರು. ಮೇಜಿನ ಡ್ರಾಯರಿನ ಒಳಗೆ ಬುದ್ಧನ ಒಂದು ಸಣ್ಣ ಪಟ ಇತ್ತು, ಗೋಡೆಗೆ ಹಾಕಿರಲಿಲ್ಲ. ಗೋಡೆಯೆಲ್ಲ ನಮ್ಮ ದೇವರುಗಳೇ ಇದ್ದರು. ನಾನು ನಂಜನಗೂಡು ತಾಲ್ಲೂಕಿನ ಜಮೀನಿರುವ ಒಕ್ಕಲು ಮನೆಯವನು. ಜಾತಿಗೀತಿ ನೋಡುವವನಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನಿಜವಾಗಿ ನೋಡದವನು ಹಾಗೆ ತಿರುಗಬೇಕಾಗಿಲ್ಲ. ಆರು ವರ್ಷ ಒಂದೇ ಮೇಜಿನಲ್ಲಿ ಕೂತು ಉಂಡೆವು. ಅವರು ಹುರುಳಿ ಬಸ್ಸಾರಿನ ಡಬ್ಬಿಯನ್ನು ನನ್ನ ಕಡೆಗೆ ಸರಿಸುತ್ತಿದ್ದರು. ನಾನು ಹೊಟ್ಟೆ ತುಂಬಿದೆ ಎನ್ನುತ್ತಿದ್ದೆ. ಊಟಕ್ಕೆ ಕೂತ ಐದನೇ ನಿಮಿಷಕ್ಕೇ ನನ್ನ ಹೊಟ್ಟೆ ತುಂಬುತ್ತಿತ್ತು. ಎರಡನೇ ವರ್ಷದಿಂದ ಅವರು ಸರಿಸುವುದನ್ನು ಬಿಟ್ಟರು.

ಆಯುಧಪೂಜೆಗೆ ಮೊದಲು ಮಿಷನ್ನುಗಳನ್ನು ಒರೆಸುವುದು ಅವರೇ. ಬಟ್ಟಲಿನ ಸಂದಿಯ ತೌಡನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದರು. ಮಂಗಳಾರತಿ ಹೊತ್ತಿಗೆ ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದು, ಆಮೇಲೆ ಬಂದು ಕಡ್ಲೆಪುರಿ ಪೊಟ್ಟಣ ತೆಗೆದುಕೊಳ್ಳುತ್ತಿದ್ದರು. ಒಳಗೆ ಬಾರಪ್ಪ ಎಂದು ನಾನು ಒಂದು ವರ್ಷ ಕರೆದೆ. "ಒರಸಾದು ನನ್ ಕೆಲ್ಸ ಸಾ, ಕೈ ಮುಗಿಯಾದು ನಿಮ್ದು" ಎಂದು ನಕ್ಕರು.

ಆ ವರ್ಷ ಅವರ ಹೆಸರು ಕಾಯಂ ಪಟ್ಟಿಗೆ ಸೇರಿತ್ತು. ಆರು ವರ್ಷ ಕಾಂಟ್ರಾಕ್ಟಿನಲ್ಲಿ ದುಡಿದ ಮೇಲೆ ದೀಪಾವಳಿಗೆ ಆರ್ಡರು ಕೊಡುವುದೆಂದು ಆಫೀಸಿನಲ್ಲಿ ಮಾತಾಗಿತ್ತು. ಆಯುಧಪೂಜೆ ಅದಕ್ಕಿಂತ ಮೂರು ವಾರ ಮುಂಚೆ ಬಂತು.

ಪೂಜೆಯ ಉಸ್ತುವಾರಿ ನನ್ನದು. ಹಿಂದಿನ ದಿನ ಅವರು ಎಲ್ಲವನ್ನೂ ಒರೆಸಿ ಮುಗಿಸಿ ಹೋಗಿದ್ದರು. ನನಗೆ ಸಮಾಧಾನವಾಗಲಿಲ್ಲ. ಹಬ್ಬದ ಬೆಳಿಗ್ಗೆ ಗೋಡೆಯ ಮೇಲಿನ ಆ ಕಪ್ಪು ಡಬ್ಬವನ್ನೂ ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದೆ. ನೋಡಿದರೆ ಒಂದು ವೈರು ಅಪಶಕುನದ ಹಾಗೆ ನೇತಾಡುತ್ತಿತ್ತು. ಅದು ಹಳೆಯ ಪ್ರಿಂಟರಿನ ವೈರು. ಪ್ರಿಂಟರು ಸ್ಟೋರಿಗೆ ಹೋಗಿತ್ತು. ಒಂದು ತುದಿ ಡಬ್ಬದಲ್ಲೇ ಇತ್ತು, ಇನ್ನೊಂದು ತುದಿಯನ್ನು ಇವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಹಿಂದೆ ಸೇರಿಸಿದ್ದರು. ಒರೆಸುವಾಗ ನಾನೇ ಬಿಚ್ಚಿದ್ದೆ. ಹಾರದ ಪಕ್ಕ ಬಾಲದಂತೆ ನೇತಾಡುವುದು ಚೆನ್ನಾಗಿ ಕಾಣಲಿಲ್ಲ. ಡಬ್ಬದಲ್ಲಿ ಒಂದು ತೂತು ಖಾಲಿಯಿತ್ತು. ಅದಕ್ಕೇ ಸಿಕ್ಕಿಸಿದೆ. ಟಕ್ ಎಂದು ಕೂತಿತು. ಎಷ್ಟು ಅಚ್ಚುಕಟ್ಟು ಎಂದು ನನಗೆ ನಾನೇ ಮೆಚ್ಚಿಕೊಂಡೆ.

ಎರಡು ದಿನ ರಜೆ ಕಳೆದು ಬಾಗಿಲು ತೆರೆದು ಮೇನ್ ಹಾಕಿದಾಗ ಡಬ್ಬದ ದೀಪಗಳೆಲ್ಲ ಒಟ್ಟಿಗೆ, ಜೋರಾಗಿ ಮಿಣುಕತೊಡಗಿದವು. ಎಂದೂ ಹಾಗೆ ಮಿಣುಕಿದ್ದಿಲ್ಲ. ಪೂಜೆ ಮಾಡಿದ್ದಕ್ಕೆ ಎಂಥ ಕಳೆ ಬಂದಿದೆ ನೋಡಿ ಎಂದು ಗುಮಾಸ್ತನಿಗೆ ತೋರಿಸಿದೆ. ಅವನೂ ಹೌದೆಂದು ಕೈ ಮುಗಿದ. ಅಷ್ಟರಲ್ಲಿ ಕಂಪ್ಯೂಟರು, ಮಿಷನ್ ಸಿಗುತ್ತಿಲ್ಲ ಎಂದಿತು. ವೇಬ್ರಿಜ್ಜೂ ನಿಂತಿತು. ಆಫೀಸಿನಿಂದ ಫೋನು ಬಂತು.

ಅವರು ಬಂದು ಚೀಲ ಕೆಳಗಿಟ್ಟು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಸಾ, ಅಬ್ಬದ್ ದಿನ ಈ ಡಬ್ಬದ ವೈರ್‌ಗಳ ಯಾರಾದ್ರೂ ಮುಟ್ಟುದ್ರಾ?"

"ಇಲ್ಲಪ್ಪ. ಕುಂಕುಮ ಇಟ್ಟಿದ್ದು, ಅಷ್ಟೆ."

ಆ ಕ್ಷಣಕ್ಕೆ ಅದು ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ ಎಂದು ಇಲ್ಲಿ ಬರೆಯಬಹುದು. ಬರೆದರೆ ಅದು ಎರಡನೇ ಸುಳ್ಳಾಗುತ್ತದೆ. ಟಕ್ ಎಂದದ್ದು ನನ್ನ ಬೆರಳಿಗೆ ನೆನಪಿತ್ತು.

ಅವರು ನನ್ನ ಮಾತನ್ನು ನಂಬಿ ಡಬ್ಬದ ವೈರುಗಳನ್ನು ಕೊನೆಗೆಂದು ಬಿಟ್ಟರು. ತೂತಿನೊಳಗೆ ಕುಂಕುಮ ಹೋಗಿರಬಹುದೆಂದು ಊದಿ ಬ್ರಷ್ಷಾಡಿಸಿದರು. ಮಿಷನ್ನಿನ ವೈರು ಬದಲಾಯಿಸಿದರು. ಕೂಗಿದರು, ಓ ಅನ್ನಲಿಲ್ಲ. ಮಿಷನ್ನಿಗೂ ಕಂಪ್ಯೂಟರಿಗೂ ವಿಳಾಸದಂತಿರುವ ನಂಬರುಗಳನ್ನು ನೋಡಿದರು. ಡಬ್ಬವನ್ನು ಬಿಟ್ಟು ಕಂಪ್ಯೂಟರಿಗೂ ಮಿಷನ್ನಿಗೂ ನೇರವಾಗಿ ಒಂದು ವೈರು ಎಳೆದರು. ನಾಲ್ಕು ಸಲವೂ ಓ ಅಂದಿತು. ಎರಡೂ ಚೆನ್ನಾಗಿವೆ, ತೊಡಕು ದಾರಿಯಲ್ಲಿದೆ ಎಂದು ಬರೆದುಕೊಂಡರು. ಆದರೆ ರಿಪೋರ್ಟು ಗೇಟಿಗೆ ಹೋಗಬೇಕಾದ್ದು ಆ ಡಬ್ಬದ ಮೂಲಕವೇ. ಹೊರಗೆ ಲಾರಿಗಳ ಹಾರನ್ನು ಹೆಚ್ಚಾಯಿತು.

ಈ ನಡುವೆ ವೇಬ್ರಿಜ್ಜಿನ ಗುಮಾಸ್ತ ಕಾರಣ ಕಂಡುಹಿಡಿದಿದ್ದ. ಅವನಿಗೆ ಟಾರ್ಚು, ನೋಟ್‌ಬುಕ್ ಯಾವುದೂ ಬೇಕಾಗಲಿಲ್ಲ. "ಮಿಸನ್‌ಗೂ ಬೇಜಾರಾಯ್ತದೆ ಕಣ್ರೀ. ಎಲ್ರೂ ಕೈ ಮುಗ್ದು, ದಿನಾ ಮುಟ್ಟೋನೇ ಮುಗೀದೆ ಇದ್ರೆ ಅದ್ಕೆ ಏನನ್ನುಸ್ಬೇಕು?" ಈ ಮಾತು ಲೋಡಿಂಗಿನವರಿಗೆ ಹೋಯಿತು, ಡ್ರೈವರುಗಳಿಗೆ ಹೋಯಿತು, ಹನ್ನೊಂದು ಗಂಟೆಗೆ ಮ್ಯಾನೇಜರ ಹತ್ತಿರ ಹೋಯಿತು. ಕಾರ್ಖಾನೆಯಲ್ಲಿ ಅವತ್ತು ಸರಿಯಾಗಿ ಕೆಲಸ ಮಾಡಿದ ಸಂಪರ್ಕ ಅದೊಂದೇ.

ಮ್ಯಾನೇಜರು ಲ್ಯಾಬಿಗೆ ಬಂದರು, ಬಾಗಿಲು ಪೂರ್ತಿ ತೆರೆದುಕೊಂಡು. ಕೈಯಲ್ಲಿ ಒಂದು ನಿಂಬೆಹಣ್ಣಿತ್ತು. ತಾವು ಇದನ್ನೆಲ್ಲ ನಂಬುವವರಲ್ಲ, ಆದರೂ ಎಲ್ಲರ ಸಮಾಧಾನಕ್ಕೆ ಒಂದು ಸಲ ಮಿಷನ್ ಮುಂದೆ ನಿಂತು ಕೈ ಮುಗಿದುಬಿಡು ಎಂದು ಅವರಿಗೆ ಹೇಳಿದರು. ಬಾಗಿಲಲ್ಲಿ ಹತ್ತು ಜನ ನಿಂತಿದ್ದರು. ನಾನು ಒಳಗೆ, ಅವರಿಂದ ಮೂರಡಿ ದೂರದಲ್ಲಿದ್ದೆ.

"ಮುಗುದ್ರೆ ದಾರಿ ಸರಿಯಾಗಲ್ಲ ಸಾ. ಇನ್ನೊಂದ್ ಗಂಟೆ ಕೊಡಿ, ಉಡುಕ್ತೀನಿ."

"ಅಂದ್ರೆ ಮುಗಿಯಲ್ಲ?"

ಅವರು ಡಬ್ಬದ ಕಡೆಗೆ ತಿರುಗಿದರು. ಹಾರ ಎತ್ತಿ ಪಕ್ಕಕ್ಕಿಟ್ಟು ಎಲ್ಲ ವೈರುಗಳನ್ನೂ ಕಿತ್ತು, ಒಂದೊಂದಾಗಿ ಹಾಕಿ ಕಾಯತೊಡಗಿದರು. ಒಂದು ಹಾಕಿದರು, ಕೂಗಿದರು, ಬರೆದರು. ಎರಡು, ಮೂರು, ಆರರವರೆಗೂ ಸರಿಯಾಗಿತ್ತು. ಏಳನೇ ನಂಬರಿನ ವೈರನ್ನು ಎತ್ತಿಕೊಂಡಾಗ ಅವರ ಬಲಗೈಯಲ್ಲಿ ಒಂದು ಏಳು, ಎಡಗೈಯಲ್ಲಿ ಇನ್ನೊಂದು ಏಳು. ಎರಡನ್ನೂ ಎತ್ತಿ ಹಿಡಿದು ನನ್ನ ಕಡೆ ನೋಡಿದರು. ನಾನು ನೆಲದ ಮೇಲಿನ ಸೇವಂತಿಗೆಯನ್ನು ನೋಡುತ್ತಿದ್ದೆ.

ಒಂದೇ ವೈರಿನ ಎರಡೂ ತುದಿ ಡಬ್ಬಕ್ಕೇ ಹೋಗಿದ್ದರಿಂದ ಮಾತು ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿತ್ತು, ಎಲ್ಲರ ಕೂಗೂ ಅದರಲ್ಲೇ ಮುಳುಗಿಹೋಗುತ್ತಿತ್ತು ಎಂದು ಅವರು ಮ್ಯಾನೇಜರಿಗೆ ವಿವರಿಸಿದರು. ಲಾರಿಗಳು ಹೊರಟವು. ಯಾರಿಗೂ ಸಂತೋಷವಾದಂತೆ ಕಾಣಲಿಲ್ಲ. ದೇವರ ಮುನಿಸಿನ ಬದಲು ಒಂದು ಮೊಳ ವೈರು ಸಿಕ್ಕಿದ್ದು ಎಲ್ಲರಿಗೂ ನಿರಾಶೆಯೇ.

ಯಾರು ಹಾಕಿದ್ದು ಎಂದು ಮ್ಯಾನೇಜರು ಕೇಳಿದರು. ನೋಡಿಲ್ಲ ಎಂದರು ಅವರು. ಮ್ಯಾನೇಜರು ನನ್ನ ಕಡೆ ತಿರುಗಿದರು.

ನಿವೃತ್ತಿಗೆ ಒಂದು ವರ್ಷವಿತ್ತು, ಹೆದರಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇದ್ದದ್ದು ನಿಜ. ಆದರೆ ನನ್ನನ್ನು ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಸ್ವಲ್ಪ ನಗುತ್ತಿದ್ದರು, ಅಷ್ಟೆ. ಹಣೆಗೆ ವಿಭೂತಿ ಬಳಿದುಕೊಂಡು ಹಬ್ಬದ ಯಜಮಾನಿಕೆ ಮಾಡಿದವನೇ ಕಾರ್ಖಾನೆ ನಿಲ್ಲಿಸಿದ ಎನ್ನುತ್ತಿದ್ದರು. ಅದು ಬೇಡವಾಗಿತ್ತು.

"ಗೊತ್ತಿಲ್ಲ ಸಾರ್," ಅಂದೆ. "ಆ ಡಬ್ಬ, ವೈರು ಎಲ್ಲಾ ಅವರದೇ ಉಸ್ತುವಾರಿ."

ಒಂದು ಅಕ್ಷರವೂ ಸುಳ್ಳಲ್ಲದ ವಾಕ್ಯ ಅದು, ಮೊದಲ ಪದವನ್ನು ಬಿಟ್ಟರೆ.

ಪೂಜೆಯ ಮೇಲಿನ ಹಟಕ್ಕೆ ಅವರೇ ಹಾಕಿರಬೇಕು ಎಂದು ಕೆಲವರು ಅಂದರು. ಪೂಜೆಗೆ ನಿಲ್ಲದವನ ಕೈಯಲ್ಲಿ ದೇವರೇ ಹೀಗೆ ಮಾಡಿಸಿದ ಎಂದು ಕೆಲವರು ಅಂದರು. ತಪ್ಪು ಯಾರದೆಂಬುದರಲ್ಲಿ ಎರಡೂ ಪಕ್ಷಗಳ ನಡುವೆ ಭಿನ್ನಾಭಿಪ್ರಾಯ ಇರಲಿಲ್ಲ. ದೀಪಾವಳಿಗೆ ಕಾಯಂ ಆರ್ಡರು ಬರಲಿಲ್ಲ. ಡಿಸೆಂಬರಿನಲ್ಲಿ ಕಾಂಟ್ರಾಕ್ಟು ಮುಗಿಯಿತು, ಮುಂದುವರಿಸಲಿಲ್ಲ. ಕೊನೆಯ ದಿನ ಎರಡು ಗಂಟೆ ಕೂತು ಆ ನೋಟ್‌ಬುಕ್ಕನ್ನು ಪುಟ ಪುಟ ತೋರಿಸಿ, ಯಾವುದು ಕೆಟ್ಟರೆ ಎಲ್ಲಿಂದ ಹುಡುಕಬೇಕು ಎಂದು ನನಗೆ ಹೇಳಿಕೊಟ್ಟು ಹೋದರು. ಹಬ್ಬದ ನಂತರದ ಪುಟದಲ್ಲಿ ಅವರ ದುಂಡು ಅಕ್ಷರದಲ್ಲಿ ಹೀಗಿತ್ತು: ಏಳನೇ ವೈರಿನ ಎರಡೂ ತುದಿ ಡಬ್ಬದಲ್ಲಿತ್ತು. ಒಂದು ತೆಗೆದೆ. ಸರಿಯಾಯಿತು. ಹಾಕಿದವರು ಯಾರು, ನೋಡಿಲ್ಲ. ಆ ಪುಟ ಬಂದಾಗ ಅವರು ಮುಂದಿನದಕ್ಕೆ ತಿರುವಿದರು.

ಆಮೇಲೆ ತಿ. ನರಸೀಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ತಾತ್ಕಾಲಿಕವಾಗಿ ಸೇರಿಕೊಂಡರಂತೆ. ನಾನು ಮುಂದಿನ ವರ್ಷ ಶಾಲು, ಹಾರ, ಬೆಳ್ಳಿ ಬಟ್ಟಲು ತೆಗೆದುಕೊಂಡು ನಿವೃತ್ತನಾದೆ. ಪ್ರಾಮಾಣಿಕ ಸೇವೆ ಎಂದು ಮ್ಯಾನೇಜರು ಭಾಷಣ ಮಾಡಿದರು.

ಕಳೆದ ತಿಂಗಳು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಅದೇ ಗುಮಾಸ್ತ ಸಿಕ್ಕಿ, ಅವರು ಎದೆನೋವಿನಿಂದ ಹೋದರು ಎಂದ. ಐವತ್ತು ತುಂಬಿರಲಿಲ್ಲ. ಎರಡು ವಾರ ಹಾಗೂ ಹೀಗೂ ತಳ್ಳಿ, ನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಬನ್ನೂರು ದಾರಿಯ ಅವರ ಊರಿಗೆ ಹೋದೆ. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವರದು, ಪಕ್ಕದಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡ ಅವರ ತಾಯಿಯದು. ಆಕೆ ಟೀ ಕೊಟ್ಟರು. ಕುಡಿದೆ. ಇದನ್ನೆಲ್ಲ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಂಡು ಹಗುರಾಗಿ ಐದು ಗಂಟೆಯ ಬಸ್ಸಿಗೆ ವಾಪಸಾಗುವ ಅಂದಾಜಿತ್ತು. ಆಕೆ, "ಅಂಗಾರೆ ಆ ವೈರು ನೀವಾಕಿದ್ದಾ?" ಎಂದು ಮಾತ್ರ ಕೇಳಿದರು. ಹೌದಮ್ಮ ಅಂದೆ.

ನಿಮಗೆ ಅವರು ನನ್ನ ಹೆಸರು ಹೇಳಿರಲಿಲ್ಲವೇ ಎಂದು ಕೇಳಿದೆ. ಒಂದು ಸಲ ತಾನೇ ಕೇಳಿದ್ದೆ ಎಂದರು ಆಕೆ. ಕಣ್ಣಾರೆ ಕಂಡಿಲ್ಲ, ಕಾಣದ್ದನ್ನು ಹೇಳಬಾರದು ಎಂದರಂತೆ. ತಾಯಿಗೂ ಅಷ್ಟೇ ಹೇಳಿದ್ದರು. ವೈರು ತಪ್ಪಾಗಿತ್ತು, ಯಾರು ಹಾಕಿದರೋ ಗೊತ್ತಿಲ್ಲ.

"ನಮ್ಮತ್ತೆ ಒಪ್ಪುನಿಲ್ಲ ಸಾ. ನಾವು ಬುದ್ಧುನ್ ಕಡೀಕ್ ಬಂದ್ರೂ ಅವ್ರು ಅಳೇ ದೇವ್ರ ಬುಟ್ಟಿರ್ನಿಲ್ಲ. ಯಾರೂ ಆಕ್ದೆ ವೈರು ತಾನೇ ಓಗಿ ಕೂತ್ಕತ್ತದಾ, ಕೈ ಮುಗೀದೆ ಇದ್ದುದ್ಕೆ ದೇವ್ರೇ ಆಕವ್ನೆ ಅನ್ನೋರು. ಸಾಯೋಗಂಟ ಅದ್ನೇ ಅಂದ್ರು. ವರ್ಸ್‌ವರ್ಸವೂ ನಂಜನಗೂಡ್ಗೆ ಬಂದು, ಒಳೇಲಿ ಮುಳುಗ್ಬುಟ್ಟು, ಮಗುನ್ ತಪ್ಪು ಒಟ್ಟೇಗಾಕೋ ಅಂತ ತಪ್ಪು ಕಾಣಿಕೆ ಆಕ್ಬುಟ್ ಬರೋರು. ಇವ್ರೇ ಬಸ್ಸಲ್ಲಿ ಕರ್ಕಂಡೋಗಿ, ಮೆಟ್ಲು ಮೇಲೆ ಸೀರೆ ಇಟ್ಕಂಡು ಕೂತಿರೋರು."

ನನ್ನ ಮನೆ ಕಪಿಲಾ ನದಿಯ ಆ ಮೆಟ್ಟಿಲುಗಳಿಗೆ ಕಾಲು ಗಂಟೆಯ ದಾರಿ. ನಾನು ಮಾಡಿದ ತಪ್ಪಿಗೆ ಆ ಮುದುಕಿ ನನ್ನ ಊರಿಗೇ ಬಂದು ಮುಳುಗೆದ್ದು ಹೋಗಿದ್ದಾರೆ.

ಆಕೆ ಎದ್ದು ಒಳಗಿನಿಂದ ಒಂದು ಬಿಳಿ ಹಾಳೆ, ಪೆನ್ನು ತಂದು ಮುಂದಿಟ್ಟು, ಬರೆದುಕೊಡಿ ಎಂದರು. ಅವರ ಹೆಸರು ಎಲ್ಲೂ ಬೇಡ, ನಿಮ್ಮದು ಇರಲಿ ಎಂದರು. ನಾನು ಬರೆದೆ. ದಿವಂಗತರು ಸರಳ ಸಜ್ಜನರು, ಕರ್ತವ್ಯನಿಷ್ಠರು, ಕಾರ್ಖಾನೆಯ ಆಸ್ತಿ, ಅವರಿಗೆ ನ್ಯಾಯ ಸಿಗಲಿಲ್ಲವೆಂಬುದು ನೋವಿನ ಸಂಗತಿ. ಮುಕ್ಕಾಲು ಪುಟ ಸರಾಗವಾಗಿ ಬಂತು. ಆಕೆ ನಿಧಾನವಾಗಿ, ಬೆರಳಿಟ್ಟು ಓದಿ ಹಾಳೆಯನ್ನು ವಾಪಸು ಕೊಟ್ಟರು.

"ಇದ್ರಲ್ಲಿ ವೈರೇ ಇಲ್ವಲ್ಲ ಸಾ."

ಇನ್ನೊಂದು ಹಾಳೆ ಕೇಳಿದೆ. ಈ ಸಲ ಎರಡೇ ಸಾಲು. ಆಯುಧಪೂಜೆಯ ದಿನ ಏಳನೇ ನಂಬರಿನ ವೈರಿನ ಎರಡನೇ ತುದಿಯನ್ನು ಡಬ್ಬಕ್ಕೆ ಹಾಕಿದವನು ನಾನು. ಎರಡು ಸಲ ಕೇಳಿದರೂ ಹೇಳಲಿಲ್ಲ. ಕೆಳಗೆ ನನ್ನ ಹೆಸರು, ತಂದೆಯ ಹೆಸರು, ಊರು ಬರೆದು ರುಜು ಹಾಕಿದೆ.

ಆಕೆ ಅದನ್ನೂ ಬೆರಳಿಟ್ಟು ಓದಿದರು. ಮಡಚಲಿಲ್ಲ, ಮತ್ತೆ ನನ್ನ ಕೈಗೇ ಕೊಟ್ಟು ಗೋಡೆಯ ಕಡೆ ನೋಡಿದರು.

"ನಮ್ಮತ್ತೆಗೆ ಓದಕ್ ಬತ್ತಿರ್ನಿಲ್ಲ. ಒಂದ್ಸಲ ಗಟ್ಟಿಯಾಗಿ ಓದ್ಬುಡಿ."

ಎದ್ದು ನಿಂತು, ಆ ತಾಯಿಯ ಪಟದ ಕಡೆ ತಿರುಗಿ ಓದಿದೆ. ಇದ್ದದ್ದು ಎರಡೇ ಸಾಲು. ಮೂರು ಸಲ ನಿಲ್ಲಿಸಬೇಕಾಯಿತು.